ಸರ್ವರ್ ಇಲ್ಲವೆನ್ನುವ ಮುನ್ನ: ಪಂಚಾಯಿತಿ ಲ್ಯಾಪ್‌ಟಾಪ್‌ಗಳ ಯುಎಸ್‌ಬಿ ಪೋರ್ಟ್ ತೊಂದರೆಗಳು

(ಶ್ರೀರಾಮನಗರದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ಮುಂದೆ ಮಂಡಿಸಿದ ಉಪನ್ಯಾಸದ ಪಠ್ಯ. ಎಲ್ಲ ಸದಸ್ಯರ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ಗ್ರಾಮ ಪಂಚಾಯಿತಿ ಕಚೇರಿಯ ಕಿಟಕಿಯ ಮುಂದೆ ನಿಂತವರಿಗೆ ಚಿರಪರಿಚಿತವಾದ ಮಾತೊಂದಿದೆ: "ಸರ್ವರ್ ಇಲ್ಲ, ನಾಳೆ ಬನ್ನಿ." ಈ ಮಾತು ಎಷ್ಟೋ ಸಲ ನಿಜವೇ ಆಗಿರುತ್ತದೆ. 2023ರ ಜುಲೈ ತಿಂಗಳಿನಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿ ಆರಂಭವಾದಾಗ ಗ್ರಾಮ ಒನ್ ಮತ್ತು ಬಾಪೂಜಿ ಸೇವಾ ಕೇಂದ್ರಗಳ ಮುಂದೆ ಮಹಿಳೆಯರ ಸಾಲು ಬೆಳೆದದ್ದು, ಸರ್ವರ್ ಮೇಲಿನ ಒತ್ತಡದಿಂದ ಕೆಲಸ ನಿಧಾನವಾದದ್ದು ಸದಸ್ಯರ ನೆನಪಿನಲ್ಲಿದೆ. ಆದರೆ ಇನ್ನೆಷ್ಟೋ ಸಲ ದೂರದ ಸರ್ವರ್ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಕೆಟ್ಟಿರುವುದು ಮೇಜಿನ ಮೇಲಿನ ಲ್ಯಾಪ್‌ಟಾಪ್‌ನ ಬದಿಯಲ್ಲಿರುವ, ಬೆರಳಗಲದ ಒಂದು ಕಿಂಡಿ. ನಾಟಿ ಕೆಲಸ ಬಿಟ್ಟು ಕ್ಯಾಂಪಿನಿಂದ ಬಂದ ಮಹಿಳೆ ಎರಡೂ ಸಂದರ್ಭಗಳಲ್ಲಿ ಅಂದಿನ ಕೂಲಿಯನ್ನು ಕಳೆದುಕೊಂಡೇ ಹಿಂದಿರುಗುತ್ತಾಳೆ. ವ್ಯತ್ಯಾಸ ಇಷ್ಟೇ: ಮೊದಲನೆಯ ದೋಷವನ್ನು ಪಂಚಾಯಿತಿ ಕಚೇರಿಯಲ್ಲಿ ಯಾರೂ ಸರಿಪಡಿಸಲಾರರು, ಎರಡನೆಯದನ್ನು ಬಹುಪಾಲು ಸಂದರ್ಭಗಳಲ್ಲಿ ಹತ್ತು ನಿಮಿಷಗಳೊಳಗೆ ಸರಿಪಡಿಸಬಹುದು.

ಸದಸ್ಯರು ತಂತ್ರಜ್ಞರಾಗಬೇಕೆಂಬ ಅಪೇಕ್ಷೆ ಇಲ್ಲಿಲ್ಲ. ಆದರೆ "ಪೋರ್ಟ್ ಹೋಗಿದೆ, ಹೊಸ ಲ್ಯಾಪ್‌ಟಾಪ್ ಬೇಕು" ಎಂಬ ವಿಷಯ ಸಾಮಾನ್ಯ ಸಭೆಗೆ ಬಂದಾಗ ಅದಕ್ಕೆ ಒಪ್ಪಿಗೆ ನೀಡುವವರು ಅವರೇ. ಕಿಟಕಿಯಿಂದ ಬರಿಗೈಯಲ್ಲಿ ಹಿಂದಿರುಗಿದ ಮತದಾರರು ಬಂದು ಪ್ರಶ್ನಿಸುವುದೂ ಅವರನ್ನೇ. ಆದುದರಿಂದ ಸರಿಯಾದ ಪ್ರಶ್ನೆ ಕೇಳುವಷ್ಟು ತಿಳಿವಳಿಕೆ ಅವರಲ್ಲಿರುವುದು ಅವಶ್ಯಕ.

ಮೊದಲನೆಯದಾಗಿ, ಸರ್ವರ್ ದೋಷ ಯಾವುದು, ಪೋರ್ಟ್ ದೋಷ ಯಾವುದು ಎಂಬುದನ್ನು ಪ್ರತ್ಯೇಕಿಸಿ ನೋಡಬೇಕು. ಸರ್ವರ್ ತೊಂದರೆಯಲ್ಲಿದ್ದಾಗ ಪರದೆಯ ಮೇಲಿನ ಪುಟ ತೆರೆಯುವುದಿಲ್ಲ, ಇಲ್ಲವೇ ಚಕ್ರ ಸುತ್ತುತ್ತಲೇ ಇರುತ್ತದೆ. ಲ್ಯಾಪ್‌ಟಾಪ್‌ಗೆ ಜೋಡಿಸಿದ ಉಪಕರಣಗಳು ಮಾತ್ರ ನಿಶ್ಶಬ್ದವಾಗಿರುತ್ತವೆ. ಪೋರ್ಟ್ ತೊಂದರೆಯಲ್ಲಿ ಪುಟ ಸರಿಯಾಗಿಯೇ ತೆರೆಯುತ್ತದೆ, ಬೆರಳಚ್ಚು ಕೇಳುವ ಹಂತದವರೆಗೂ ಹೋಗುತ್ತದೆ, ಅಲ್ಲಿ ನಿಲ್ಲುತ್ತದೆ. ಅಷ್ಟರಲ್ಲಿ ಲ್ಯಾಪ್‌ಟಾಪ್ ಒಂದು ಸಣ್ಣ ಧ್ವನಿ ಮಾಡುತ್ತದೆ. ಉಪಕರಣ ಸೇರಿಕೊಂಡಾಗ ಒಂದು ಧ್ವನಿ, ಕಳಚಿಕೊಂಡಾಗ ಇನ್ನೊಂದು. ಯಾರೂ ಕೇಬಲನ್ನು ಮುಟ್ಟದಿದ್ದರೂ ಈ ಎರಡು ಧ್ವನಿಗಳು ಒಂದರ ಹಿಂದೊಂದು ಕೇಳಿಬರುತ್ತಿದ್ದರೆ ದೋಷ ಕಚೇರಿಯ ಮೇಜಿನ ಮೇಲೆಯೇ ಇದೆ ಎಂದು ತಿಳಿಯಬೇಕು. ಹಲವು ಕಚೇರಿಗಳಲ್ಲಿ ಗಲಾಟೆಯೆಂದು ಲ್ಯಾಪ್‌ಟಾಪ್‌ನ ಧ್ವನಿಯನ್ನೇ ಮುಚ್ಚಿರುತ್ತಾರೆ. ಅದನ್ನು ತೆರೆದಿಡುವುದು ಒಳಿತು.

ಬೆರಳಚ್ಚು ತಪ್ಪುವುದಕ್ಕೆ ಇವೆರಡೂ ಅಲ್ಲದ ಕಾರಣಗಳೂ ಇವೆ. ವರ್ಷದ ಎರಡು ಬೆಳೆಗೂ ಕೆಸರಿನಲ್ಲಿ ಸಸಿ ನೆಟ್ಟ, ಕಳೆ ಕಿತ್ತ ಕೈಗಳ ಬೆರಳಗೆರೆಗಳು ಸವೆದಿರುತ್ತವೆ. ಆಧಾರ್ ದೃಢೀಕರಣದ ಯಂತ್ರಕ್ಕೆ ಬೇಕಾದ ಆರ್‌ಡಿ ಸರ್ವಿಸ್ ಎಂಬ ತಂತ್ರಾಂಶ ಲ್ಯಾಪ್‌ಟಾಪ್‌ನಲ್ಲಿ ಚಾಲನೆಯಲ್ಲಿರದಿದ್ದರೂ, ಅದರ ವಾಯಿದೆ ಮುಗಿದಿದ್ದರೂ ಯಂತ್ರ ಕೆಲಸ ಮಾಡದು. ಒಬ್ಬರ ಬೆರಳು ಮಾತ್ರ ತಪ್ಪಿ ಮುಂದಿನವರದು ಸರಿಹೋದರೆ ಅದು ಬೆರಳಿನ ಸಮಸ್ಯೆ. ಯಂತ್ರ ಸ್ಥಿರವಾಗಿ ಜೋಡಣೆಯಲ್ಲಿದ್ದೂ ಎಲ್ಲರದ್ದೂ ತಪ್ಪಿದರೆ ತಂತ್ರಾಂಶವನ್ನು ನೋಡಬೇಕು. ಎಲ್ಲರದ್ದೂ ತಪ್ಪಿ, ಯಂತ್ರವೂ ಆಗಾಗ ಕಾಣೆಯಾಗುತ್ತಿದ್ದರೆ ಪೋರ್ಟಿನ ಕಡೆಗೆ ತಿರುಗಬೇಕು.

ಯುಎಸ್‌ಬಿ ಎಂಬ ಈ ಜೋಡಣೆಯ ಮೊದಲ ಮಾನದಂಡ ಪ್ರಕಟವಾದದ್ದು 1996ರಲ್ಲಿ. ಅದನ್ನು ರೂಪಿಸಿದವರ ಪೈಕಿ ಪ್ರಮುಖರಾದ, ಇಂಟೆಲ್ ಸಂಸ್ಥೆಯ ಅಜಯ್ ಭಟ್ ಅವರು ಗುಜರಾತಿನ ವಡೋದರಾದಲ್ಲಿ ಓದಿದವರು. ಅದಕ್ಕೂ ಮುನ್ನ ಪ್ರಿಂಟರ್‌ಗೆ ಒಂದು ಬಗೆಯ ಕಿಂಡಿ, ಮೌಸ್‌ಗೆ ಇನ್ನೊಂದು, ಕೀಲಿಮಣೆಗೆ ಮತ್ತೊಂದು ಇರುತ್ತಿತ್ತು. ಯುಎಸ್‌ಬಿ ಅವೆಲ್ಲವನ್ನೂ ಒಂದುಗೂಡಿಸಿತು. ಜೊತೆಗೆ ಒಂದೇ ಕೇಬಲಿನಲ್ಲಿ ಎರಡು ಕೆಲಸಗಳನ್ನು ಸೇರಿಸಿತು. ಹಳೆಯ ಯುಎಸ್‌ಬಿ 2.0 ಕೇಬಲಿನೊಳಗೆ ನಾಲ್ಕು ತಂತಿಗಳಿರುತ್ತವೆ. ಎರಡು ವಿದ್ಯುತ್ತನ್ನು ಒಯ್ಯುತ್ತವೆ, ಉಳಿದ ಎರಡು ಮಾಹಿತಿಯನ್ನು ಒಯ್ಯುತ್ತವೆ. ಆದ್ದರಿಂದ ಪೋರ್ಟಿನ ದೋಷವೆಂದರೆ ವಿದ್ಯುತ್ತಿನ ದೋಷವೇ ಅಥವಾ ಮಾಹಿತಿಯ ವೇಗದ ದೋಷವೇ ಎಂಬುದು ಯಾವಾಗಲೂ ಮೊದಲ ಪ್ರಶ್ನೆ.

ವಿದ್ಯುತ್ತಿನ ವಿಷಯವನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನವರಿಗೆ ವಿವರಿಸುವುದು ಕಷ್ಟವಲ್ಲ. ಕಾಲುವೆಯಲ್ಲಿ ನೀರಿನ ಮಟ್ಟ ಬೇರೆ, ಹರಿಯುವ ಕ್ಯುಸೆಕ್ ಬೇರೆ. ಪೋರ್ಟಿನಲ್ಲಿ ಮಟ್ಟವೆಂದರೆ ವೋಲ್ಟ್; ಸಾಮಾನ್ಯ ಪೋರ್ಟಿನಲ್ಲಿ ಅದು 5 ವೋಲ್ಟ್. ಹರಿವೆಂದರೆ ಆಂಪಿಯರ್. ಯುಎಸ್‌ಬಿ 2.0 ಪೋರ್ಟ್ ಒಂದು ಉಪಕರಣಕ್ಕೆ ಹೆಚ್ಚೆಂದರೆ 500 ಮಿಲಿಆಂಪಿಯರ್ ಕೊಡಬೇಕೆಂಬುದು ನಿಯಮ; 2008ರಲ್ಲಿ ಬಂದ ಯುಎಸ್‌ಬಿ 3.0ರಲ್ಲಿ ಅದು 900 ಮಿಲಿಆಂಪಿಯರ್. ಇನ್ನೊಂದು ನಿಯಮ ಪಂಚಾಯಿತಿಯ ಸದಸ್ಯರಿಗೆ ಬಹಳ ಪರಿಚಿತವೆನಿಸಬಹುದು. 2.0 ಪೋರ್ಟಿಗೆ ಹೊಸದಾಗಿ ಸೇರಿಸಿದ ಉಪಕರಣ ಮೊದಲು 100 ಮಿಲಿಆಂಪಿಯರ್ ಮಾತ್ರ ಪಡೆಯಬಹುದು. ತಾನು ಯಾರು, ತನಗೆಷ್ಟು ಬೇಕು ಎಂದು ಲ್ಯಾಪ್‌ಟಾಪ್‌ಗೆ ತಿಳಿಸಿ, ಮಂಜೂರಾತಿ ದೊರೆತ ಮೇಲೆಯೇ ಉಳಿದದ್ದನ್ನು ಪಡೆಯತಕ್ಕದ್ದು. ಆಡಳಿತಾತ್ಮಕ ಅನುಮೋದನೆ ಇಲ್ಲದೆ ವೆಚ್ಚವಿಲ್ಲ ಎಂಬ ತತ್ತ್ವವನ್ನು ಯಂತ್ರಗಳು ಮನುಷ್ಯರಿಗಿಂತ ಚೆನ್ನಾಗಿ ಪಾಲಿಸುತ್ತವೆ.

ತೊಂದರೆ ಹುಟ್ಟುವುದು ಸಾಮಾನ್ಯವಾಗಿ ಹಬ್‌ನಲ್ಲಿ. ಇತ್ತೀಚಿನ ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಅಥವಾ ಮೂರು ಪೋರ್ಟುಗಳಷ್ಟೇ ಇರುತ್ತವೆ. ಕಚೇರಿಗೆ ಬೇಕಾದದ್ದು ಬೆರಳಚ್ಚು ಯಂತ್ರ, ಪ್ರಿಂಟರ್, ಸ್ಕ್ಯಾನರ್, ಮೌಸ್, ಡಿಜಿಟಲ್ ಸಹಿಯ ಟೋಕನ್, ಕೆಲವೆಡೆ ಇಂಟರ್‌ನೆಟ್ ಡಾಂಗಲ್. ಆಗ ಒಂದು ಪೋರ್ಟನ್ನು ನಾಲ್ಕಾಗಿಸುವ ಅಗ್ಗದ ಹಬ್ಬನ್ನು ತಂದು ಸಿಕ್ಕಿಸಲಾಗುತ್ತದೆ. ಸ್ವಂತ ಅಡಾಪ್ಟರ್ ಇಲ್ಲದ ಹಬ್ ಹೊಸ ನೀರನ್ನು ತರುವುದಿಲ್ಲ. ಇರುವ ನೀರಿಗೆ ನಾಲ್ಕು ತೂಬುಗಳನ್ನು ಇಡುತ್ತದೆ, ಅಷ್ಟೆ. ಮೇಲಿನಿಂದ ಬರುವ 500ರಲ್ಲಿ 100ನ್ನು ತನಗಿಟ್ಟುಕೊಂಡು ನಾಲ್ಕು ಪೋರ್ಟುಗಳಿಗೆ ತಲಾ 100 ಹಂಚುವುದು 2.0 ಹಬ್‌ನ ಲೆಕ್ಕ. ಅದರಲ್ಲಿ ಯಾರೋ ಮೊಬೈಲ್ ಚಾರ್ಜಿಗೆ ಹಾಕಿದರೆ, ಇನ್ನೊಬ್ಬರು ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ, ಕಾಲುವೆಯ ಮೇಲ್ಭಾಗದವರು ನೀರೆಳೆದುಕೊಂಡಾಗ ಕೊನೆ ಭಾಗದ ರೈತನ ಗದ್ದೆ ಹೇಗೆ ಒಣಗುತ್ತದೆಯೋ ಹಾಗೆ ಬೆರಳಚ್ಚು ಯಂತ್ರ ಒಣಗುತ್ತದೆ. ಅದು ಪೂರ್ತಿ ಆರಿಹೋದರೆ ದೋಷ ಬೇಗ ಪತ್ತೆಯಾಗುತ್ತದೆ. ಆದರೆ ಅದು ಅರೆಜೀವವಾಗಿ, ಒಮ್ಮೆ ಬೆರಳನ್ನು ಓದಿ ಇನ್ನೊಮ್ಮೆ ಓದದೆ ಕಾಡುತ್ತದೆ. ಸಿಬ್ಬಂದಿ ಸರ್ವರನ್ನು ಶಂಕಿಸುವುದು ಆಗಲೇ.

ಇದಕ್ಕೆ ಪರಿಹಾರ ತನ್ನದೇ ಅಡಾಪ್ಟರ್ ಇರುವ ಹಬ್. ಅದು ಲ್ಯಾಪ್‌ಟಾಪ್‌ನಿಂದ ಮಾಹಿತಿಯ ಸಂಪರ್ಕವನ್ನು ಮಾತ್ರ ಪಡೆದು, ವಿದ್ಯುತ್ತನ್ನು ಗೋಡೆಯ ಪ್ಲಗ್ಗಿನಿಂದ ತೆಗೆದುಕೊಳ್ಳುತ್ತದೆ. ಆದರೆ ಒಂದು ಎಚ್ಚರ ಅವಶ್ಯಕ. ಕರೆಂಟು ಹೋದಾಗ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಿಂದ ನಡೆಯುತ್ತದೆ, ಹಬ್‌ಗೆ ಬ್ಯಾಟರಿಯಿಲ್ಲ. ಹಬ್‌ನ ಅಡಾಪ್ಟರನ್ನು ಕಚೇರಿಯ ಯುಪಿಎಸ್‌ಗೆ ಜೋಡಿಸದಿದ್ದರೆ ಪ್ರತಿ ಸಲ ಕರೆಂಟು ಹೋದಾಗಲೂ ಹಳೆಯ ಕಥೆ ಮರುಕಳಿಸುತ್ತದೆ.

ಹಬ್ ಇಲ್ಲದ ಕಚೇರಿಗಳಲ್ಲೂ ಇದೇ ಬಗೆಯ ದೋಷ ಕಾಣಿಸುವುದುಂಟು. ಅಲ್ಲಿ ಕಾರಣ ಕೇಬಲ್. ಗಣಕಯಂತ್ರ ನಿರ್ವಾಹಕರ ಮೇಜು ಕೋಣೆಯ ಒಳಗೆ, ಜನ ನಿಲ್ಲುವುದು ಕಿಟಕಿಯ ಹೊರಗೆ. ಬೆರಳಚ್ಚು ಯಂತ್ರವನ್ನು ಕಿಟಕಿಯ ಸರಳುಗಳವರೆಗೆ ಒಯ್ಯಲು ಎಕ್ಸ್‌ಟೆನ್ಷನ್ ಕೇಬಲ್ ಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಕೇಬಲುಗಳ ಒಳತಂತಿ ಬಹಳ ತೆಳು. ಅಂಥ 3 ಮೀಟರ್ ಕೇಬಲಿನಲ್ಲಿ ವಿದ್ಯುತ್ತು ಹೋಗಿ ಬರುವ ದಾರಿ 6 ಮೀಟರ್. 28ನೇ ಗೇಜಿನ ತಂತಿಯಾದರೆ ಅದರ ಪ್ರತಿರೋಧ ಸುಮಾರು 1.3 ಓಮ್ ಆಗುತ್ತದೆ. ಅದರಲ್ಲಿ 500 ಮಿಲಿಆಂಪಿಯರ್ ಹರಿದರೆ 0.6 ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಸೋರಿಹೋಗಿ, ಹೊರಟ 5 ವೋಲ್ಟ್ ಕಿಟಕಿ ತಲುಪುವಷ್ಟರಲ್ಲಿ 4.4ರ ಆಸುಪಾಸಿಗೆ ಇಳಿಯುತ್ತದೆ. ಅನೇಕ ಉಪಕರಣಗಳು ತಡೆದುಕೊಳ್ಳುವ ಅಂಚು ಅದು. ಕೇಬಲಿನ ಎರಡು ತುದಿಗಳ ಸಡಿಲ ಜೋಡಣೆಯಲ್ಲಿ ಇನ್ನಷ್ಟು ಕಳೆದುಹೋದರೆ ಯಂತ್ರ ಕಣ್ಮುಚ್ಚುತ್ತದೆ. ಯುಎಸ್‌ಬಿ 2.0 ಕೇಬಲ್ ಹೆಚ್ಚೆಂದರೆ 5 ಮೀಟರ್ ಇರಬಹುದೆಂಬುದು ಒಳ್ಳೆಯ ಕೇಬಲಿಗೆ ಸಂಬಂಧಿಸಿದ ಮಾತು. ಯಂತ್ರದ ಸ್ವಂತ ಕೇಬಲಿಗೆ ಒಂದಕ್ಕೊಂದು ಎಕ್ಸ್‌ಟೆನ್ಷನ್ ಗಂಟು ಹಾಕಿ ಬೆಳೆಸುವುದಕ್ಕೆ ಅದು ಪರವಾನಗಿಯಲ್ಲ. ಬಹಳಷ್ಟು ಕಚೇರಿಗಳಲ್ಲಿ ಇದರ ನಿಜವಾದ ರಿಪೇರಿ ಯಾವ ಅಂಗಡಿಯಲ್ಲೂ ಇಲ್ಲ: ಮೇಜನ್ನು ಕಿಟಕಿಯ ಪಕ್ಕಕ್ಕೆ ಸರಿಸಬೇಕು.

ದೋಷವನ್ನು ಹುಡುಕುವ ಕ್ರಮದಲ್ಲಿ ಒಂದೇ ಒಂದು ಶಿಸ್ತು ಮುಖ್ಯ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು. ಮೊದಲು ಹಬ್ ಮತ್ತು ಎಕ್ಸ್‌ಟೆನ್ಷನ್ ಎರಡರ ಪೈಕಿ ಒಂದನ್ನು ತೆಗೆದು ನೋಡುವುದು, ನಂತರ ಇನ್ನೊಂದನ್ನು. ಯಂತ್ರವನ್ನು ನೇರವಾಗಿ ಲ್ಯಾಪ್‌ಟಾಪ್‌ಗೆ ಜೋಡಿಸಿದಾಗಲೂ ತೊಂದರೆ ಉಳಿದರೆ ಲ್ಯಾಪ್‌ಟಾಪ್‌ನ ಬೇರೆ ಪೋರ್ಟಿಗೆ ಬದಲಿಸುವುದು. ಅಲ್ಲೂ ಆಗದಿದ್ದರೆ ಅದೇ ಯಂತ್ರವನ್ನು ಕಚೇರಿಯ ಇನ್ನೊಂದು ಕಂಪ್ಯೂಟರಿಗೆ ಸೇರಿಸುವುದು. ಅಲ್ಲಿ ಸರಿಯಾಗಿ ನಡೆದರೆ ಯಂತ್ರ ನಿರಪರಾಧಿ. ಅಲ್ಲೂ ನಡೆಯದಿದ್ದರೆ ಲ್ಯಾಪ್‌ಟಾಪ್ ನಿರಪರಾಧಿ. ಇಷ್ಟು ಮಾಡಲು ಯಾವ ಉಪಕರಣವೂ ಬೇಡ, ತರಬೇತಿಯೂ ಬೇಡ. ಅವಸರದಲ್ಲಿ ಕೇಬಲ್, ಪೋರ್ಟ್, ತಂತ್ರಾಂಶ ಮೂರನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಹೋಗಬಹುದು, ಆದರೆ ಯಾವುದರಿಂದ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಮುಂದಿನ ವಾರ ಅದು ಮರಳಿ ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಲ್ಯಾಪ್‌ಟಾಪೇ ಕಾರಣವೆಂದು ಕಂಡುಬಂದರೂ ಪೋರ್ಟ್ ಸುಟ್ಟಿದೆ ಎಂಬ ತೀರ್ಮಾನಕ್ಕೆ ತಕ್ಷಣ ಬರಬಾರದು. ವಿಂಡೋಸ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಉಳಿಸಲು, ಸ್ವಲ್ಪ ಹೊತ್ತು ಬಳಸದ ಯುಎಸ್‌ಬಿ ಉಪಕರಣವನ್ನು ಮಲಗಿಸುವ ವ್ಯವಸ್ಥೆಯಿದೆ. ಕೆಲವು ಯಂತ್ರಗಳು ಹಾಗೆ ಮಲಗಿದ ಮೇಲೆ ಸರಿಯಾಗಿ ಏಳುವುದಿಲ್ಲ. ಡಿವೈಸ್ ಮ್ಯಾನೇಜರ್ ತೆರೆದು, ಯುಎಸ್‌ಬಿ ರೂಟ್ ಹಬ್ ಎಂಬುದರ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಈ ಉಪಕರಣವನ್ನು ಆರಿಸಲು ಕಂಪ್ಯೂಟರಿಗೆ ಅನುಮತಿ ನೀಡುವ ಸಾಲಿನ ಮುಂದಿನ ಗುರುತನ್ನು ತೆಗೆಯಬೇಕು. ಊಟದ ವಿರಾಮದ ನಂತರ ಯಂತ್ರ ಕಾಣೆಯಾಗುವ ಕಚೇರಿಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಇನ್ನೊಂದು ಸಂಗತಿ ಅನೇಕ ನಿರ್ವಾಹಕರಿಗೂ ತಿಳಿದಿಲ್ಲ. ವಿಂಡೋಸ್‌ನಲ್ಲಿ ಬೇಗ ಆರಂಭವಾಗುವ ಸೌಲಭ್ಯ ಚಾಲನೆಯಲ್ಲಿದ್ದರೆ 'ಶಟ್ ಡೌನ್' ಎಂಬುದು ಪೂರ್ಣ ವಿಶ್ರಾಂತಿಯಲ್ಲ. ವ್ಯವಸ್ಥೆಯ ಒಂದು ಭಾಗ ಹಾಗೆಯೇ ಉಳಿದು ಮರುದಿನ ಅದೇ ಸ್ಥಿತಿಯಲ್ಲಿ ಏಳುತ್ತದೆ. 'ರೀಸ್ಟಾರ್ಟ್' ಮಾಡಿದಾಗಲೇ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ. ಹಿಂದಿನ ಸಂಜೆ ಆರಿಸಿ ಹೋದರೂ ತೊಂದರೆ ಹೋಗಲಿಲ್ಲ ಎನ್ನುವವರು ಒಮ್ಮೆ ರೀಸ್ಟಾರ್ಟ್ ಮಾಡಿ ನೋಡತಕ್ಕದ್ದು. ಅದಕ್ಕೂ ಬಗ್ಗದಿದ್ದರೆ ಲ್ಯಾಪ್‌ಟಾಪನ್ನು ಆರಿಸಿ, ಅಡಾಪ್ಟರ್ ಸಹಿತ ಜೋಡಿಸಿದ್ದೆಲ್ಲವನ್ನೂ ಕಳಚಿ, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು, ನಂತರ ಮತ್ತೆ ಆರಂಭಿಸಬೇಕು. ಹೆಚ್ಚು ವಿದ್ಯುತ್ ಎಳೆದ ಕಾರಣಕ್ಕೆ ತನ್ನನ್ನು ತಾನೇ ಮುಚ್ಚಿಕೊಂಡಿದ್ದ ಪೋರ್ಟ್ ಇದರಿಂದ ಮರಳಿ ತೆರೆದುಕೊಳ್ಳುವುದುಂಟು.

ಈ ಭಾಗದ ಕಚೇರಿಗಳಿಗೆ ವಿಶೇಷವಾದ ಒಂದೆರಡು ಮಾತುಗಳಿವೆ. ಗಂಗಾವತಿ, ಶ್ರೀರಾಮನಗರ, ಕಾರಟಗಿ ಪ್ರದೇಶ ಭತ್ತದ ಕಣಜ. ಅಕ್ಕಿ ಗಿರಣಿಗಳ ಸೀಮೆ. ಸುಗ್ಗಿಯ ದಿನಗಳಲ್ಲಿ ಹೊಟ್ಟಿನ ನುಣುಪಾದ ಧೂಳು ಗಾಳಿಯಲ್ಲಿ ತೇಲಿ ಬಂದು ತೆರೆದ ಪೋರ್ಟಿನೊಳಗೆ ಕೂರುತ್ತದೆ. ಅದರ ಮೇಲೆ ತೇವ ಸೇರಿದರೆ ಲೋಹದ ಪಟ್ಟಿಗಳಿಗೂ ಕೇಬಲಿನ ತುದಿಗೂ ನಡುವೆ ಒಂದು ಪದರ ಬೆಳೆಯುತ್ತದೆ. ಲ್ಯಾಪ್‌ಟಾಪ್ ಆರಿಸಿದ ಮೇಲೆ ಒಣಗಿದ ಮೆತ್ತನೆಯ ಕುಂಚದಿಂದ ಧೂಳನ್ನು ಹೊರಕ್ಕೆ ತೆಗೆಯಬೇಕು. ಗುಂಡುಸೂಜಿ, ಪಿನ್ನು, ಒದ್ದೆ ಬಟ್ಟೆಗಳನ್ನು ಒಳಗೆ ಹಾಕಲೇಬಾರದು. ಬಾಯಿಂದ ಊದಿದರೆ ತೇವವೂ ಒಳಗೆ ಹೋಗುತ್ತದೆ. ಬಳಸದ ಪೋರ್ಟುಗಳಿಗೆ ರಬ್ಬರ್ ಮುಚ್ಚಳ ಸಿಗುತ್ತದೆ.

ವೋಲ್ಟೇಜ್ ಏರಿಳಿತವೇ ಎಲ್ಲಕ್ಕೂ ಮೂಲವೆಂಬ ನಂಬಿಕೆಯೂ ಪ್ರಚಲಿತವಾಗಿದೆ. ಇದು ಅರ್ಧಸತ್ಯ. ಸಾಮಾನ್ಯವಾಗಿ ಲ್ಯಾಪ್‌ಟಾಪ್ ಅಡಾಪ್ಟರುಗಳ ಮೇಲೆ 100ರಿಂದ 240 ವೋಲ್ಟ್ ಎಂದು ಮುದ್ರಿತವಾಗಿರುತ್ತದೆ. ಗಿರಣಿಯ ದೊಡ್ಡ ಮೋಟಾರು ಆರಂಭವಾಗಿ ಮಾರ್ಗದ ವೋಲ್ಟೇಜ್ 180ಕ್ಕೆ ಇಳಿದರೂ ಲ್ಯಾಪ್‌ಟಾಪ್‌ನ ಪೋರ್ಟಿನಲ್ಲಿ 5 ವೋಲ್ಟ್ 5 ಆಗಿಯೇ ಇರುತ್ತದೆ. ನಿಜವಾದ ಅಪಾಯ ಇರುವುದು ಅರ್ಥಿಂಗ್‌ನಲ್ಲಿ. ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿದು ಎರಡು ಕಡ್ಡಿಯ ಬೋರ್ಡಿಗೆ ಸಿಕ್ಕಿಸುವುದು, ಅರ್ಥ್ ತಂತಿಯೇ ಇಲ್ಲದ ಎಕ್ಸ್‌ಟೆನ್ಷನ್ ಬೋರ್ಡ್ ಬಳಸುವುದು ಕಚೇರಿಗಳಲ್ಲಿ ಅಪರೂಪವಲ್ಲ. ಪ್ರಿಂಟರ್ ಪೋರ್ಟಿನಿಂದ ವಿದ್ಯುತ್ ಪಡೆಯುವುದಿಲ್ಲ. ಅದಕ್ಕೆ ಸ್ವಂತ ಪ್ಲಗ್ ಇದೆ. ಆದರೆ ಅರ್ಥಿಂಗ್ ಇಲ್ಲದ ಪ್ರಿಂಟರಿನ ಸೋರಿಕೆ ವಿದ್ಯುತ್ತು ಯುಎಸ್‌ಬಿ ಕೇಬಲಿನ ಮೂಲಕವೇ ಲ್ಯಾಪ್‌ಟಾಪಿಗೆ ದಾರಿ ಮಾಡಿಕೊಳ್ಳುತ್ತದೆ. ಲ್ಯಾಪ್‌ಟಾಪ್‌ನ ಲೋಹದ ಅಂಚನ್ನು ಮುಟ್ಟಿದಾಗ ಕೈ ಜುಮ್ಮೆನ್ನುವ ಕಚೇರಿಯಲ್ಲಿ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಬೇಕು. ಕಂಪ್ಯೂಟರ್ ರಿಪೇರಿಯವನ ಸರದಿ ಆಮೇಲಿನದು. ಅಲ್ಲಿ ಪೋರ್ಟ್ ಮಾತ್ರವಲ್ಲ, ಸಿಬ್ಬಂದಿಯ ಜೀವವೂ ಅಪಾಯದಲ್ಲಿದೆ.

ಇನ್ನು ವೇಗದ ವಿಷಯ. ಬೆರಳಚ್ಚು ಯಂತ್ರಕ್ಕಾಗಲಿ, ಸಹಿಯ ಟೋಕನ್ನಿಗಾಗಲಿ, ಮೌಸಿಗಾಗಲಿ ಹೆಚ್ಚಿನ ವೇಗ ಬೇಕಿಲ್ಲ. ಸ್ಥಿರವಾದ ವಿದ್ಯುತ್ ಸಾಕು. ವೇಗ ಬೇಕಾಗುವುದು ಕಡತಗಳ ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ತೆಗೆಯುವಾಗ. ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್, 3.0ರದು 5 ಗಿಗಾಬಿಟ್. ಎಂಟು ಬಿಟ್ ಸೇರಿ ಒಂದು ಬೈಟ್ ಆಗುವುದರಿಂದ 480 ಮೆಗಾಬಿಟ್ ಎಂದರೆ 60 ಮೆಗಾಬೈಟ್. ಬಳಕೆಯಲ್ಲಿ ದಕ್ಕುವುದು 35ರ ಆಸುಪಾಸು. ಸ್ಕ್ಯಾನ್ ಮಾಡಿದ ದಾಖಲೆಗಳು 100 ಗಿಗಾಬೈಟ್ ಇದ್ದರೆ ಈ ವೇಗದಲ್ಲಿ ಮುಕ್ಕಾಲು ಗಂಟೆಗೂ ಮೇಲೆ ಬೇಕು. ಅದೇ ಡಿಸ್ಕನ್ನು 3.0 ಪೋರ್ಟಿಗೆ ಜೋಡಿಸಿ ಸೆಕೆಂಡಿಗೆ 100 ಮೆಗಾಬೈಟ್ ಸಿಕ್ಕರೆ ಸುಮಾರು 17 ನಿಮಿಷ ಸಾಕು. ಕೆಟ್ಟ ಕೇಬಲ್ ಅಥವಾ ಹಳೆಯ ಹಬ್ಬಿನ ದೆಸೆಯಿಂದ ಜೋಡಣೆ 1990ರ ದಶಕದ 12 ಮೆಗಾಬಿಟ್ ವೇಗಕ್ಕೆ ಜಾರಿದರೆ 18 ಗಂಟೆ ಕಾದರೂ ಮುಗಿಯದು. ಆಗ ಸಂಜೆಯಾಯಿತೆಂದು ಯಾರೋ ಡಿಸ್ಕನ್ನು ಕಿತ್ತುಬಿಡುತ್ತಾರೆ. ಪ್ರತಿಯೂ ಅರ್ಧವಾಗುತ್ತದೆ, ಕೆಲವೊಮ್ಮೆ ಡಿಸ್ಕಿನಲ್ಲಿ ಮೊದಲೇ ಇದ್ದ ದಾಖಲೆಗಳೂ ಕೆಡುತ್ತವೆ. ಪಂಚಾಯಿತಿಯ ಹಳೆಯ ದಾಖಲೆಗಳಿಗೆ ಇರುವುದು ಅದೊಂದೇ ಪ್ರತಿಯಾಗಿದ್ದರೆ ನಷ್ಟದ ಪ್ರಮಾಣವನ್ನು ಬೇರೆ ಹೇಳಬೇಕಿಲ್ಲ.

3.0 ಪೋರ್ಟಿನ ಒಳಗಿನ ಪಟ್ಟಿ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ನೀಲಿ ಬಣ್ಣದ್ದಾಗಿರುತ್ತದೆ. ಆದರೆ ಪೋರ್ಟ್ ನೀಲಿಯಾಗಿದ್ದರೆ ಸಾಲದು; ಕೇಬಲ್ ಮತ್ತು ಡಿಸ್ಕ್ ಕೂಡ 3.0 ಆಗಿರಬೇಕು. ಮೂರರಲ್ಲಿ ಒಂದು ಹಳೆಯದಾದರೂ ಎಲ್ಲವೂ ಅದರ ನಡಿಗೆಗೇ ಹೊಂದಿಕೊಳ್ಳುತ್ತವೆ. 3.0 ಕೇಬಲಿನಲ್ಲಿ ಹಳೆಯ ನಾಲ್ಕರ ಜೊತೆಗೆ ಇನ್ನೂ ಐದು ಸಂಪರ್ಕಗಳಿವೆ. ತುದಿ ಪೂರ್ತಿಯಾಗಿ ಒಳಗೆ ಕೂರದಿದ್ದರೆ ಅವು ತಾಗದೆ ಡಿಸ್ಕ್ 2.0ರ ವೇಗದಲ್ಲೇ ನಡೆಯುತ್ತದೆ. ಹೊಸ ಲ್ಯಾಪ್‌ಟಾಪ್‌ಗಳ ಅಂಡಾಕಾರದ ಟೈಪ್-ಸಿ ಕಿಂಡಿ ನೋಡಲು ಒಂದೇ ಬಗೆಯಾದರೂ ಅದು ಆಕಾರದ ಹೆಸರು ಮಾತ್ರ, ವೇಗದ ಹೆಸರಲ್ಲ. ಮೊಬೈಲ್ ಚಾರ್ಜರಿನ ಜೊತೆ ಬಂದ ಟೈಪ್-ಸಿ ಕೇಬಲ್ ಹೆಚ್ಚಾಗಿ 2.0ರದ್ದೇ ಆಗಿರುತ್ತದೆ. ಇನ್ನೊಂದು ವಿಚಿತ್ರ ಸಂಗತಿ: 3.0 ಡಿಸ್ಕ್ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ತರಂಗಾಂತರದಲ್ಲಿ ಗದ್ದಲ ಹೊರಡಿಸುತ್ತದೆ. ತಂತಿಯಿಲ್ಲದ ಮೌಸ್ ಮತ್ತು ಹಲವು ವೈಫೈ ಜೋಡಣೆಗಳು ಬಳಸುವುದು ಅದೇ ತರಂಗಾಂತರವನ್ನು. ಹಾರ್ಡ್ ಡಿಸ್ಕ್ ಹಾಕಿದಾಗ ಮೌಸ್ ತಡವರಿಸಿದರೆ, ಇಂಟರ್‌ನೆಟ್ ಕುಂಟಿದರೆ, ಡಿಸ್ಕನ್ನು ಲ್ಯಾಪ್‌ಟಾಪ್‌ನ ಆಚೆ ಬದಿಗೆ ಸರಿಸಿದರೆ ಸಾಕಾಗಬಹುದು.

ಇಷ್ಟೂ ಯಂತ್ರದ ಮಾತಾಯಿತು. ಸದಸ್ಯರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಡಿಜಿಟಲ್ ಸಹಿಯ ಟೋಕನ್ನಿನ ವಿಷಯಕ್ಕೆ. ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆಗಳು ಹೊರಬರುವುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಡಿಜಿಟಲ್ ಸಹಿಯಿಂದ. ಹಣಕಾಸು ಆಯೋಗದ ಅನುದಾನದ ಪಾವತಿ ಇ-ಗ್ರಾಮಸ್ವರಾಜ್ ತಂತ್ರಾಂಶದಲ್ಲಿ ನಡೆಯುವುದೂ ಡಿಜಿಟಲ್ ಸಹಿಯಿಂದಲೇ. ಪೆನ್‌ಡ್ರೈವಿನಂತೆ ಕಾಣುವ ಆ ಟೋಕನ್ ಒಬ್ಬ ವ್ಯಕ್ತಿಯ ಕೈಬರಹದ ಸಹಿಗೆ ಸಮ. ಈಗ ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಬಹುದು. ಲ್ಯಾಪ್‌ಟಾಪ್‌ನ ಮೂರು ಪೋರ್ಟುಗಳಲ್ಲಿ ಎರಡು ಸಡಿಲವಾಗಿವೆ. ಟೋಕನ್ ಸಿಕ್ಕಿಸಿದರೆ ಸಹಿಯ ನಡುವೆ ಕಳಚಿಹೋಗುತ್ತದೆ. ಅಧಿಕಾರಿಯವರು ನಾಲ್ಕು ಸಲ ಪ್ರಯತ್ನಿಸಿ ಬೇಸತ್ತು, ಸರಿಯಿರುವ ಒಂದು ಪೋರ್ಟಿನಲ್ಲಿ ಟೋಕನ್ನನ್ನು ಕಾಯಂ ಆಗಿ ಬಿಡುತ್ತಾರೆ. ತಾಲ್ಲೂಕು ಸಭೆಗೆ ಹೋಗಬೇಕಾದ ದಿನ ಪಿನ್ ಸಂಖ್ಯೆಯನ್ನು ನಿರ್ವಾಹಕರಿಗೆ ಹೇಳಿ ಹೋಗುತ್ತಾರೆ. ಜನರ ಕೆಲಸ ನಿಲ್ಲಬಾರದೆಂಬ ಒಳ್ಳೆಯ ಉದ್ದೇಶದಿಂದಲೇ ಇದು ಆರಂಭವಾಗುತ್ತದೆ. ಆದರೆ ಅಂದಿನಿಂದ ಆ ಕಚೇರಿಯಲ್ಲಿ ಯಾರ ನಿವೇಶನದ ನಮೂನೆಗೆ ಯಾರು ಸಹಿ ಮಾಡಿದರೆಂಬುದಕ್ಕೆ ಉತ್ತರವಿಲ್ಲ. ಸಡಿಲವಾದ ಪೋರ್ಟಿನ ತೊಂದರೆ ಕಾನೂನಿನ ತೊಂದರೆಯಾಗಿ ಬೆಳೆಯುವುದು ಹೀಗೆ.

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 42ನೇ ಪ್ರಕರಣವು ತನ್ನ ಖಾಸಗಿ ಕೀಲಿಯನ್ನು ಸ್ವಂತ ಹತೋಟಿಯಲ್ಲಿ ಇಟ್ಟುಕೊಳ್ಳಲು ತಕ್ಕ ಎಚ್ಚರ ವಹಿಸುವ ಹೊಣೆಯನ್ನು ಸಹಿಯ ಒಡೆಯರ ಮೇಲೆಯೇ ಇರಿಸಿದೆ. ಪೋರ್ಟ್ ಸಡಿಲವಾಗಿತ್ತೆಂಬುದು ಆ ಎಚ್ಚರವನ್ನು ಬಿಡಲು ಕಾರಣವಾಗಲಾರದು. ಅಧ್ಯಕ್ಷರ ಹೆಸರಿನಲ್ಲಿ ಟೋಕನ್ ಇರುವಲ್ಲಿ ಈ ಮಾತು ಅವರಿಗೂ ಅನ್ವಯಿಸುತ್ತದೆ. ಅಧ್ಯಕ್ಷರ ಟೋಕನ್ ಬೇರೆಯವರ ಮೇಜಿನ ಖಾನೆಯಲ್ಲಿದ್ದರೆ ಅದನ್ನು ಇಂದೇ ಮರಳಿ ಪಡೆಯತಕ್ಕದ್ದು. ಪ್ರತಿ ಸಲ ಸಹಿ ಮುಗಿದ ಮೇಲೆ ಟೋಕನ್ನನ್ನು ಕಳಚಿ ಒಡೆಯರೇ ಇಟ್ಟುಕೊಳ್ಳಬೇಕು. ಹಬ್ ಅಥವಾ ಎಕ್ಸ್‌ಟೆನ್ಷನ್ ಕೇಬಲಿನ ತುದಿಯಲ್ಲಿ ಅದನ್ನು ಬಳಸದೆ, ಲ್ಯಾಪ್‌ಟಾಪ್‌ನಲ್ಲಿ ಗಟ್ಟಿಯಾಗಿ ಕೂರುವ ಒಂದು ಪೋರ್ಟನ್ನು ಅದಕ್ಕೆಂದೇ ಮೀಸಲಿಡಬೇಕು. ಅದು ನೀಲಿಯಾಗಿರಬೇಕಿಲ್ಲ. ಸಂಪರ್ಕ ತಪ್ಪಿದಾಗ ಗಾಬರಿಯಿಂದ ಪಿನ್ ಸಂಖ್ಯೆಯನ್ನು ಮೇಲಿಂದ ಮೇಲೆ ಒತ್ತಬಾರದು. ಕೆಲವು ಸಲ ತಪ್ಪು ಪಿನ್ ಬಿದ್ದರೆ ಟೋಕನ್ ಬೀಗ ಹಾಕಿಕೊಳ್ಳುತ್ತದೆ, ಅದು ತೆರೆಯುವವರೆಗೆ ಸಹಿಯ ಕೆಲಸವೆಲ್ಲ ನಿಲ್ಲುತ್ತದೆ.

ಖರೀದಿಯ ವಿಷಯ ಸಭೆಯ ಮುಂದೆ ಬಂದಾಗ ಕೇಳಬೇಕಾದ ಪ್ರಶ್ನೆ ಸರಳ. ಬೆರಳಚ್ಚು ಯಂತ್ರವನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಲಾಗಿದೆಯೇ? ಹಬ್ ಮತ್ತು ಎಕ್ಸ್‌ಟೆನ್ಷನ್ ತೆಗೆದು ನೋಡಲಾಗಿದೆಯೇ? ಇಲ್ಲವೆಂದಾದರೆ ಹೊಸ ಲ್ಯಾಪ್‌ಟಾಪ್‌ನ ಪ್ರಸ್ತಾವವನ್ನು ಮುಂದಿನ ಸಭೆಗೆ ಇಟ್ಟು, ಅಡಾಪ್ಟರ್ ಇರುವ ಒಂದು ಹಬ್ ಹಾಗೂ ಎರಡು ಒಳ್ಳೆಯ ಗಿಡ್ಡ ಕೇಬಲುಗಳನ್ನು ಮೊದಲು ತರಿಸಬಹುದು. ಅವುಗಳ ಬೆಲೆ ಲ್ಯಾಪ್‌ಟಾಪ್‌ನ ಬೆಲೆಯ ಒಂದು ಸಣ್ಣ ಅಂಶ. ಪೋರ್ಟ್ ನಿಜವಾಗಿಯೂ ಮುರಿದಿದ್ದರೆ ವಾರಂಟಿ ಇದೆಯೇ ಎಂದು ನೋಡಿಯೇ ರಿಪೇರಿಗೆ ಕೊಡಬೇಕು. ಕೆಲವು ಮಾದರಿಗಳಲ್ಲಿ ಪೋರ್ಟ್ ಪ್ರತ್ಯೇಕ ಪುಟ್ಟ ಹಲಗೆಯ ಮೇಲಿದ್ದು ಅದನ್ನಷ್ಟೇ ಬದಲಿಸಲು ಬರುತ್ತದೆ. ಕೆಲವದರಲ್ಲಿ ಮುಖ್ಯ ಹಲಗೆಗೇ ಬೆಸೆದಿರುತ್ತದೆ. ಹೊರಗೆ ಕಳುಹಿಸುವ ಮುನ್ನ ಟೋಕನ್ ತೆಗೆದಿಡುವುದು ಹೇಗೂ ಸರಿ. ಒಳಗಿರುವ ನಾಗರಿಕರ ಆಧಾರ್ ಪ್ರತಿಗಳು, ಅರ್ಜಿಗಳು ಯಾರ ಕೈಗೆ ಹೋಗುತ್ತಿವೆ ಎಂಬುದನ್ನೂ ಯೋಚಿಸಬೇಕು. ಮುದ್ರಣಕ್ಕೆಂದು ಅರ್ಜಿದಾರರು ತರುವ ಪೆನ್‌ಡ್ರೈವುಗಳನ್ನು, ಚಾರ್ಜಿಗೆಂದು ಕೊಡುವ ಮೊಬೈಲುಗಳನ್ನು ಈ ಲ್ಯಾಪ್‌ಟಾಪಿಗೆ ಸಿಕ್ಕಿಸುವ ರೂಢಿ ಇದ್ದರೆ ಅದನ್ನೂ ಅಂದೇ ನಿಲ್ಲಿಸುವುದು ಯುಕ್ತ.

ಕೊನೆಯದಾಗಿ, ಪ್ರತಿ ಪೋರ್ಟಿನ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿ ಅದು ಯಾವ ಉಪಕರಣಕ್ಕೆ ಎಂದು ಬರೆಯಬೇಕು. ಪಕ್ಕದಲ್ಲೊಂದು ನೋಟ್‌ಬುಕ್ ಇರಬೇಕು. ತೊಂದರೆ ಕಂಡ ದಿನ, ಹೊತ್ತು, ಯಾವ ಪೋರ್ಟ್, ಏನು ಬದಲಿಸಿದಾಗ ಸರಿಹೋಯಿತು ಎಂಬುದನ್ನು ಎರಡು ಸಾಲಿನಲ್ಲಿ ಬರೆದರೆ ತಿಂಗಳೊಳಗೆ ದೋಷದ ಜಾಡು ತಾನಾಗಿ ಕಾಣುತ್ತದೆ. ಮಧ್ಯಾಹ್ನವೇ ಹೆಚ್ಚೋ, ಪ್ರಿಂಟರ್ ನಡೆಯುವಾಗ ಹೆಚ್ಚೋ, ಒಂದೇ ಕೇಬಲಿನದ್ದೋ ಎಂಬುದು ತಿಳಿಯುತ್ತದೆ. ಅದೇ ಪುಟದ ಇನ್ನೊಂದು ಬದಿಯಲ್ಲಿ, ಯಂತ್ರದ ದೋಷದಿಂದ ಅಂದು ಕೆಲಸವಾಗದೆ ಹಿಂದಿರುಗಿದವರ ಹೆಸರು ಮತ್ತು ಊರನ್ನು ಬರೆದುಕೊಳ್ಳತಕ್ಕದ್ದು. ಮರುದಿನ ಕಿಟಕಿ ತೆರೆದಾಗ ಮೊದಲು ಕರೆಯಬೇಕಾದದ್ದು ಅವರನ್ನು. ಅವರು ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುವಂತಾಗಬಾರದು.